ಪೆನ್ನು ಕೆಳಗಿಟ್ಟರೆ ಬ್ರೇಕ್

ನಮ್ಮ ಬಿಲ್ಡಿಂಗಿನ ನಾಲ್ಕನೇ ಮಹಡಿಯ ಪ್ರಜ್ಞಾಳಿಗೆ ಹೋದ ತಿಂಗಳು ಟಿ.ವಿ. ಕಂಪೆನಿಯೊಂದರ ಪ್ಲೇಔಟ್ ರೂಮಿನಲ್ಲಿ ಕೆಲಸ ಸಿಕ್ಕಿತು. ಮೈಸೂರಿನ ಹುಡುಗಿ, ಚುರುಕು. ನಾನು ಬೆಳಿಗ್ಗೆ ವಾಕಿಂಗ್ ಹೊರಟರೆ ದುಬೈಯ ಅಲ್ ಬರ್ಷಾದ ಮೆಟ್ರೋ ಸ್ಟೇಷನ್ನಿನ ತನಕ ಜೊತೆಗೆ ಬರುತ್ತಾಳೆ. "ಅಂಕಲ್, ಇಪ್ಪತ್ತೆರಡು ವರ್ಷ ಅಂಥದ್ದೇ ರೂಮಲ್ಲಿ ಕೂತು ನೀವು ಏನು ಮಾಡ್ತಿದ್ರಿ? ಎಲ್ಲಾ ಆಟೋಮ್ಯಾಟಿಕ್ ಅಲ್ವಾ?" ಎಂದು ಕೇಳಿದಳು. "ಅರ್ಥವಾಗದ ವಾರ್ತೆ ನೋಡ್ತಾ ಇದ್ದೆ" ಎಂದೆ. ತಮಾಷೆ ಅಂದುಕೊಂಡು ನಕ್ಕಳು. ತಮಾಷೆ ಅಲ್ಲ, ನನ್ನ ಇಡೀ ನೌಕರಿಯ ಸಾರಾಂಶವೇ ಅದು. ಅದಕ್ಕೇ ಅವಳಿಗೂ ಅವಳಂಥವರಿಗೂ ಇದನ್ನು ಬರೆದಿಡುತ್ತಿದ್ದೇನೆ. ಪ್ರಮೋಷನ್ ಎರಡು ಸಿಕ್ಕಿದವು, ಅವುಗಳ ಬಗ್ಗೆ ಹೇಳಲಿಕ್ಕೆ ಏನೂ ಇಲ್ಲ. ಹೇಳಬೇಕಾದ್ದು ಒಂದು ಗುರುವಾರ ನನ್ನ ಬೆರಳು ಮಾಡಿದ ಕೆಲಸದ ಬಗ್ಗೆ. ಮಗಳು ಬದುಕಿದ್ದಾಳೋ ಇಲ್ಲವೋ ಎಂದು ಕಾಯುತ್ತಿದ್ದ ಒಬ್ಬ ತಾಯಿಗೆ ಅದನ್ನು ತಿಳಿಯಲಿಕ್ಕೆ ಇದ್ದ ಒಂದೇ ದಾರಿಯನ್ನು ಆ ಬೆರಳು ಮುಚ್ಚಿಬಿಟ್ಟಿತ್ತು.

ಮೊದಲು ಕೆಲಸ ಎಂಥದು ಎಂದು ಹೇಳುತ್ತೇನೆ. ಸುರತ್ಕಲ್ಲಿನಲ್ಲಿ ನನಗೊಂದು ಮದುವೆ ವಿಡಿಯೋ ಅಂಗಡಿ ಇತ್ತು. ಅದನ್ನು ಮುಚ್ಚಿ ದುಬೈಗೆ ಬಂದವನಿಗೆ ಸಿಕ್ಕಿದ್ದು ಈ ಪ್ಲೇಔಟ್ ಕೆಲಸ. ಬೇರೆ ಬೇರೆ ದೇಶಗಳ ಚಾನೆಲ್‌ಗಳು ಉಪಗ್ರಹದ ಮೂಲಕ ನಮ್ಮ ರೂಮಿಗೆ ಬಂದು ಬೀಳುತ್ತವೆ. ಅವುಗಳಲ್ಲಿ ಅವರ ಊರಿನ ಜಾಹೀರಾತು ಬರುವ ಹೊತ್ತಿಗೆ ನಾವೊಂದು ಗುಂಡಿ ಒತ್ತಿ, ಅದರ ಮೇಲೆ ಗಲ್ಫಿನ ಜಾಹೀರಾತು ಹಾಕಿ, ಇಲ್ಲಿನ ಮನೆಗಳಿಗೆ ಕಳಿಸಬೇಕು. ಅಷ್ಟೇ. ಅರ್ಜಿಯಲ್ಲಿ ನಾನು ಕನ್ನಡ, ತುಳು, ಕೊಂಕಣಿ, ಹಿಂದಿ, ಇಂಗ್ಲಿಷ್, ಅಲ್ಪಸ್ವಲ್ಪ ಮಲಯಾಳಂ ಬರುತ್ತದೆ ಎಂದು ಉದ್ದಕ್ಕೆ ಬರೆದಿದ್ದೆ. ನನಗೆ ಕೊಟ್ಟದ್ದು ಫಿಲಿಪಿನೋ ಚಾನೆಲ್. ತಪ್ಪಾಗಿರಬೇಕು ಎಂದು ಮ್ಯಾನೇಜರ್ ಹತ್ತಿರ ಹೋದೆ. ಅವರು ತಲೆ ಎತ್ತದೆ ಹೇಳಿದರು: "ಭಾಷೆ ಗೊತ್ತಿದ್ದವನು ಕಥೆ ಕೇಳ್ತಾ ಕೂರ್ತಾನೆ. ಗೊತ್ತಿಲ್ಲದವನು ಕೆಲಸ ಮಾಡ್ತಾನೆ." ಇದು ಬುದ್ಧಿವಂತಿಕೆಯೋ ಹುಚ್ಚೋ ಎಂದು ನನಗೆ ಆ ದಿನವೂ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಾಗಿಲ್ಲ.

ಆ ಚಾನೆಲ್ಲಿನ ಪ್ರಾಣ ಎಂದರೆ ದಿನಾ ರಾತ್ರಿಯ ರಾಷ್ಟ್ರೀಯ ವಾರ್ತೆ. ರಾತ್ರಿ ಅಂದರೆ ಮನಿಲಾದ ರಾತ್ರಿ. ಅಲ್ಲಿ ಸಂಜೆ ಆರೂವರೆಗೆ ಶುರುವಾದರೆ ನಮ್ಮಲ್ಲಿ ಮಧ್ಯಾಹ್ನ ಎರಡೂವರೆ. ಊಟ ಮಾಡಿ ಕಣ್ಣು ಎಳೆಯುವ ಹೊತ್ತಿನಲ್ಲಿ, ಹೊರಗೆ ಬಿಸಿಲು ರಣಗುಡುತ್ತಿರುವಾಗ, ವಾರ್ತೆ ಓದುವ ಹೆಂಗಸು ನಗುಮುಖದಿಂದ ಶುಭರಾತ್ರಿಯ ನಮಸ್ಕಾರ ಹೇಳುತ್ತಿದ್ದಳು. ಅದೇ ವಾರ್ತೆಯನ್ನು ನಾವು ರೆಕಾರ್ಡ್ ಮಾಡಿಕೊಂಡು, ಜನ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ, ಸಂಜೆ ಎಂಟಕ್ಕೆ, ಇನ್ನೊಮ್ಮೆ ಹಾಕುತ್ತಿದ್ದೆವು. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಅರ್ಥವಾಗದ್ದನ್ನೇ ನೋಡುವುದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಇಲ್ಲಿ ಕೋಣನಿಗೆ ಸಂಬಳ ಬೇರೆ.

ಬ್ರೇಕ್ ಯಾವ ನಿಮಿಷಕ್ಕೆ ಎಂದು ಮನಿಲಾದಿಂದ ದಿನಾ ಒಂದು ಪಟ್ಟಿ ಬರುತ್ತಿತ್ತು. ಪಟ್ಟಿಗೂ ವಾರ್ತೆಗೂ ಹೊಂದಿದ ದಿನ ಕಡಿಮೆ. ಹೀಗಾಗಿ ನಾನು ನನ್ನದೇ ಒಂದು ಶಾಸ್ತ್ರ ಮಾಡಿಕೊಂಡೆ. ಆ ವಾರ್ತೆಯ ಹೆಂಗಸು ಕೈಯಲ್ಲಿ ಯಾವಾಗಲೂ ಒಂದು ಪೆನ್ನು ಹಿಡಿದಿರುತ್ತಿದ್ದಳು. ಓದುವಾಗೆಲ್ಲ ಪೆನ್ನು ಕೈಯಲ್ಲಿ. ಬ್ರೇಕಿಗೆ ಹೋಗುವ ಮುಂಚೆ ಅದನ್ನು ಮೇಜಿನ ಮೇಲೆ ಇಡುತ್ತಿದ್ದಳು. ಪೆನ್ನು ಕೆಳಗಿಟ್ಟರೆ ಬ್ರೇಕ್. ನಾನು ಒತ್ತುತ್ತಿದ್ದೆ. ಮೂರು ನಿಮಿಷ ನಮ್ಮ ಜಾಹೀರಾತು ಓಡಿ ತನ್ನಷ್ಟಕ್ಕೆ ವಾರ್ತೆಗೆ ವಾಪಸು ಬರುತ್ತಿತ್ತು. ಆ ಮೂರು ನಿಮಿಷ ನನಗೆ ಪಕ್ಕದ ಪ್ಯಾಂಟ್ರಿಯಲ್ಲಿ ಹಾಲು ಹಾಕದ ಸುಲೈಮಾನಿ ಚಹಾ. ಹೊಸಬರಿಗೆ ನಾನೇ ಈ ಪೆನ್ನಿನ ಪಾಠ ಹೇಳಿಕೊಡುತ್ತಿದ್ದೆ, ದೊಡ್ಡ ಪಂಡಿತನ ಹಾಗೆ.

ಈ ಪಾಂಡಿತ್ಯದ ಬಣ್ಣ ಒಮ್ಮೆ ಅಬುಧಾಬಿಯಲ್ಲಿ ಬಯಲಾಯಿತು. ನಮಗೆ ಜಾಹೀರಾತು ಕೊಡುತ್ತಿದ್ದ ಒಂದು ಕಾರ್ಗೋ ಕಂಪೆನಿಯ ಆಫೀಸು ಖಾಲಿದಿಯಾದಲ್ಲಿತ್ತು. ಫಿಲಿಪಿನೋಗಳು ತಿಂಗಳುಗಟ್ಟಲೆ ಸೋಪು, ಚಾಕಲೇಟು, ಟವೆಲು, ಕಾಫಿಪುಡಿ ತುಂಬಿಸಿ ಊರಿಗೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆಗಳು ಅಲ್ಲಿಂದ ಹೋಗುತ್ತವೆ. ಸೇಲ್ಸ್‌ನವರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ನರ್ಸ್ ಹತ್ತಿರ, "ನಿಮ್ಮ ವಾರ್ತೆ ಹಾಕುವವರು ಇವರೇ" ಎಂದು ಹೆಮ್ಮೆಯಿಂದ ಪರಿಚಯ ಮಾಡಿಸಿದರು. ನಾನು ನಮಸ್ಕಾರಕ್ಕೆ ಕೈ ಎತ್ತುವುದರೊಳಗೆ ಅವಳು, "ಓ, ಹವಾಮಾನ ಕತ್ತರಿಸುವವನು ನೀನೇನಾ?" ಎಂದಳು. ಸಾಲಿಗೆ ಸಾಲೇ ತಿರುಗಿ ನೋಡಿತು. ವಿಷಯ ಇಷ್ಟು: ಹವಾಮಾನ ಹೇಳುವವಳಿಗೆ ಪರದೆ ಬಿಟ್ಟುಕೊಡುವಾಗಲೂ ವಾರ್ತೆಯವಳು ಪೆನ್ನು ಕೆಳಗಿಡುತ್ತಿದ್ದಳಂತೆ. ನಾಲ್ಕು ವರ್ಷ ನಾನು ಆ ದೇಶದ ಮಳೆಗಾಳಿಯನ್ನೆಲ್ಲ ಸೋಪಿನ ಜಾಹೀರಾತಿನಡಿ ಹೂತುಹಾಕಿದ್ದೆ. ಆಫೀಸಿಗೆ ದೂರು ಕೊಟ್ಟು ಕೊಟ್ಟು ಸುಸ್ತಾಗಿ ಜನ ಸುಮ್ಮನಾಗಿದ್ದರು. ಆ ದೂರುಗಳನ್ನು ಯಾರು ಓದಿದರು, ಎಲ್ಲಿ ಹೋದವು, ದೇವರಿಗೇ ಗೊತ್ತು. ನನಗಂತೂ ತಲೆ ಎತ್ತಿ ನಡೆಯಲಿಕ್ಕಾಗಲಿಲ್ಲ.

ಅದಾದ ಮೇಲೆ ನಾನು ಅನುಮಾನ ಬಂದಾಗಲೆಲ್ಲ ಲೋರ್ನಾಳನ್ನು ಕೇಳಲು ಶುರು ಮಾಡಿದೆ. ಲೋರ್ನಾ ಮೇಲಿನ ಮಹಡಿಯಲ್ಲಿ ಜಾಹೀರಾತುಗಳ ವೇಳಾಪಟ್ಟಿ ಮಾಡುತ್ತಿದ್ದವಳು. ಮೂವತ್ತೈದರ ಆಸುಪಾಸು. ಗಂಡ ಬಿಟ್ಟುಹೋಗಿದ್ದ. ಮಗಳು ಏಂಜೆಲ್ ಊರಿನಲ್ಲಿ ಅಜ್ಜ ಅಜ್ಜಿಯ ಜೊತೆ, ಯಾವುದೋ ದ್ವೀಪದ ತುದಿಯಲ್ಲಿ, ಸಮುದ್ರದ ಬದಿಯಲ್ಲೇ ಇದ್ದಳು. ಲೋರ್ನಾಳ ಮೇಜಿನ ಮೇಲೆ ಆ ಹುಡುಗಿಯ ಫೋಟೋ, ಮೇಜಿನ ಕೆಳಗೆ ಊರಿಗೆ ಕಳಿಸಲು ತುಂಬುತ್ತಿದ್ದ ರಟ್ಟಿನ ಪೆಟ್ಟಿಗೆ. ನನ್ನನ್ನು ಅವಳು 'ಕುಯಾ ಸದಾ' ಎಂದು ಕರೆಯುತ್ತಿದ್ದಳು, ಕುಯಾ ಅಂದರೆ ಅಣ್ಣ. ನಾವು ಮಾತಾಡುತ್ತಿದ್ದದ್ದು ಗಲ್ಫಿನ ಕಲಬೆರಕೆ ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಒಂದು ಮಧ್ಯಾಹ್ನ ಅವಳು ಪಟ್ಟಿ ಕೊಡಲು ಕೆಳಗೆ ಬಂದಾಗ ವಾರ್ತೆ ಓಡುತ್ತಿತ್ತು. ಪರದೆಯಲ್ಲಿ ಜನ ಸೊಂಟದ ತನಕ ನೀರಿನಲ್ಲಿ ನಿಂತು ಕೈ ಬೀಸುತ್ತಾ ನಗುತ್ತಿದ್ದರು. ಹೆಂಗಸರು, ಮಕ್ಕಳು, ತಲೆ ಮೇಲೆ ಕೋಳಿ ಇಟ್ಟುಕೊಂಡ ಒಬ್ಬ ಮುದುಕ. "ಎಂಥ ಹಬ್ಬ ಇದು? ಒಳ್ಳೆ ಗಮ್ಮತ್ತು" ಎಂದೆ ನಾನು. ಲೋರ್ನಾ ನನ್ನ ಮುಖ ನೋಡಿದಳು.

"ಪ್ರವಾಹ, ಕುಯಾ. ಅವರ ಮನೆ ಹೋಗಿದೆ."

"ಮತ್ತೆ ಯಾಕೆ ನಗ್ತಾರೆ?"

"ಕ್ಯಾಮೆರಾ ಬಂದಿದೆಯಲ್ಲ. ದೂರದಲ್ಲಿ ಇರುವವರು ನೋಡ್ತಾರೆ. ನೋಡಿದವರಿಗೆ ಹೆದರಿಕೆ ಆಗಬಾರದಲ್ಲ."

ನನಗೆ ಆ ಮಾತು ಕೇಳಿ ತಲೆ ಇನ್ನಷ್ಟು ಕೆಟ್ಟಿತು. ನಮ್ಮ ಕಡೆ ಹೀಗಾದರೆ ಎದೆ ಬಡಿದುಕೊಂಡು ಅಳುತ್ತೇವೆ. ಅಳುವುದನ್ನು ನೋಡಿ ಅಳು, ನಗುವುದನ್ನು ನೋಡಿ ನಗು ಎಂದು ಗುರುತಿಸುವುದೇ ನನ್ನ ವಿದ್ಯೆ. ಅದೂ ಇವರ ಹತ್ತಿರ ನಡೆಯುವುದಿಲ್ಲ ಎಂದರೆ ನಾನು ಯಾವುದನ್ನು ನಂಬಿ ಗುಂಡಿ ಒತ್ತಲಿ?

ಈಗ ಹಮೀದಾಕನ ಬಗ್ಗೆ ಹೇಳಬೇಕು. ಉಳ್ಳಾಲದ ಬ್ಯಾರಿ, ನಮ್ಮ ಶಿಫ್ಟಿನ ಸೂಪರ್‌ವೈಸರ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಕಪ್ಪು ಮಾರ್ಕರ್. ಒಳ್ಳೆಯವರು, ಆದರೆ ಕೆಲಸದ ವಿಷಯದಲ್ಲಿ ಕರುಣೆ ಇಲ್ಲ. ರೂಮಿಗೆ ಕಂಪ್ಯೂಟರ್ ಸರ್ವರ್ ಬಂದಾಗ ಎಲ್ಲ ಟೇಪ್ ಮೆಷಿನ್‌ಗಳನ್ನೂ ಗುಜರಿಗೆ ಕಳಿಸಿದರು. ಹಮೀದಾಕ ಜಗಳ ಮಾಡಿ ಒಂದನ್ನು ಉಳಿಸಿಕೊಂಡರು. ಸರ್ವರ್ ಮುದ್ರಿಸುತ್ತಿದ್ದದ್ದು ನಮ್ಮಿಂದ ಹೊರಗೆ ಹೋಗುವ ವಾರ್ತೆಯನ್ನು, ಅಂದರೆ ನಮ್ಮ ಜಾಹೀರಾತು ಸೇರಿದ್ದನ್ನು. ಸಂಜೆ ಮತ್ತೆ ಬ್ರೇಕ್ ಹಾಕುವ ಕೆಲಸ ತಪ್ಪುತ್ತದೆ ಎಂದು ಈ ವ್ಯವಸ್ಥೆ. ಹಮೀದಾಕನ ಟೇಪ್ ಮುದ್ರಿಸುತ್ತಿದ್ದದ್ದು ಮನಿಲಾದಿಂದ ಬಂದದ್ದನ್ನು ಬಂದ ಹಾಗೆಯೇ. "ಹೊರಗೆ ಹೋದದ್ದು ನಮ್ಮ ಕೈಗುಣ. ಒಳಗೆ ಬಂದದ್ದು ಇನ್ನೊಬ್ಬರ ಸೊತ್ತು. ಅದು ಒಂದು ವಾರ ಆದ್ರೂ ಇರ್ಬೇಕು" ಎನ್ನುತ್ತಿದ್ದರು.

ವಾರಕ್ಕೆ ಏಳು ಟೇಪ್. ಒಂದೊಂದರ ಬೆನ್ನಿನ ಮೇಲೂ ಮಾರ್ಕರಿನಿಂದ ಕನ್ನಡದಲ್ಲಿ ಬರೆದಿದ್ದರು: ಸೋಮ, ಮಂಗಳ, ಬುಧ. ಇಂಗ್ಲಿಷಿನಲ್ಲಿ ಬರೆದರೆ ಬೇರೆ ಶಿಫ್ಟಿನವರು ಎತ್ತಿಕೊಂಡು ಹೋಗುತ್ತಾರೆ ಎಂದು. ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಆ ದಿನದ ಟೇಪನ್ನು ಮೆಷಿನ್ನಿಗೆ ಹಾಕಿ, ಹಿಂದಿನದನ್ನು ಕಪಾಟಿನಲ್ಲಿಟ್ಟು, ರಿಜಿಸ್ಟರಿನಲ್ಲಿ ಸೈನ್ ಮಾಡಬೇಕು. ಮುದ್ರಣ ಟೈಮರಿನಿಂದ ಶುರುವಾಗುತ್ತದೆ, ಮುಗಿದರೆ ಟೇಪ್ ತಾನಾಗಿಯೇ ಹಿಂದಕ್ಕೆ ಸುತ್ತಿಕೊಳ್ಳುತ್ತದೆ.

ಆ ಕನ್ನಡ ಅಕ್ಷರ ಲೋರ್ನಾಳಿಗೆ ಭಾರಿ ಇಷ್ಟ. ಜಿಲೇಬಿ ಎಂದು ಕರೆಯುತ್ತಿದ್ದಳು. ಒಮ್ಮೆ ಪೆಟ್ಟಿಗೆ ಕಳಿಸುವ ದಿನ ನನ್ನನ್ನು ಮೇಲೆ ಕರೆದು, "ಕುಯಾ, ಇದರ ಮೇಲೆ ನನ್ನ ಮಗಳ ಹೆಸರು ನಿನ್ನ ಜಿಲೇಬಿಯಲ್ಲಿ ಬರೆ. ಅವಳಿಗೆ ಖುಷಿಯಾಗುತ್ತದೆ" ಎಂದಳು. ನಾನು ಹಮೀದಾಕನ ಮಾರ್ಕರ್ ತಂದು, ಪೆಟ್ಟಿಗೆಯ ಒಂದು ಬದಿಯಲ್ಲಿ 'ಏಂಜೆಲ್' ಎಂದು ದೊಡ್ಡದಾಗಿ ಬರೆದೆ. ಊರಿನಿಂದ ತಂದಿದ್ದ ಗೇರುಬೀಜದ ಒಂದು ಪೊಟ್ಟಣವನ್ನೂ ಒಳಗೆ ತುರುಕಿದೆ. ಆಮೇಲೆ ಆ ವಿಷಯ ಮರೆತೇಹೋಯಿತು.

ನನ್ನ ದೊಡ್ಡ ತಪ್ಪು ಗುಂಡಿ ಒತ್ತಿದ್ದಲ್ಲ. ಅದು ಆಮೇಲಿನದು. ಮೊದಲಿನದು ಸೋಮಾರಿತನ. ಸರ್ವರ್ ಇರುವಾಗ ಈ ಮುದಿ ಟೇಪ್ ಯಾರಿಗೆ ಬೇಕು ಎಂದು ಒಂದು ಸೋಮವಾರದ ನಂತರ ನಾನು ಟೇಪ್ ಬದಲಾಯಿಸುವುದನ್ನೇ ಬಿಟ್ಟೆ. ಸೈನ್ ಮಾತ್ರ ದಿನಾ ಮಾಡುತ್ತಿದ್ದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಹೆಚ್ಚುಕಡಿಮೆ ಮೂರು ವಾರ. ಹೀಗೆಯೇ ಸುಳ್ಳು ಸೈನ್ ಮಾಡಿದ ಒಬ್ಬ ಆಪರೇಟರ್ ಹಿಂದೆ ಹಮೀದಾಕನ ಕೈಗೆ ಸಿಕ್ಕಿಬಿದ್ದಿದ್ದ. ಹತ್ತೇ ದಿನದಲ್ಲಿ ಅವನ ವೀಸಾ ಕ್ಯಾನ್ಸಲ್ ಆಗಿ ಊರು ಸೇರಿದ್ದ. ಅದು ಗೊತ್ತಿದ್ದೂ ಮಾಡಿದೆ.

ಆ ವಾರ ಲೋರ್ನಾಳ ಊರಿನ ಕಡೆ ಬಿರುಗಾಳಿ ಬಂತು. ನಮ್ಮ ಕರಾವಳಿಯ ಗಾಳಿಮಳೆ ಅದರ ಮುಂದೆ ಏನೂ ಅಲ್ಲ. ಸಮುದ್ರವೇ ಎದ್ದು ಊರೊಳಗೆ ನಡೆದಿತ್ತು. ಸೋಮವಾರದಿಂದ ಅವಳ ಮನೆಗೆ ಫೋನ್ ಹೋಗುತ್ತಿರಲಿಲ್ಲ. ಈಗಿನ ಹಾಗೆ ಅಂಗೈಯಲ್ಲಿ ವಾರ್ತೆ ಹುಡುಕುವ ಕಾಲವಲ್ಲ ಅದು. ನಾವು ಹಾಕುವ ವಾರ್ತೆಯೇ ಗತಿ. ಮೂರು ದಿನ ಅವಳು ಕ್ಯಾಂಟೀನಿನ ಟಿ.ವಿ. ಮುಂದೆ ಕೂತಳು. ಊಟ ಇಲ್ಲ. "ಎಂತಾದ್ರೂ ಗೊತ್ತಾಯ್ತಾ?" ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಿದ್ದಳು. ಅವರ ಊರಿಗೆ ಹೋಗುವ ದಾರಿಯೇ ಕಡಿದುಹೋಗಿದೆ, ವಾರ್ತೆಯವರೂ ಇನ್ನೂ ತಲುಪಿಲ್ಲ ಎಂದಳು.

ಗುರುವಾರ ಮನಿಲಾದಿಂದ ಪಟ್ಟಿಯ ಬದಲು ಒಂದೇ ಸಾಲು ಬಂತು: ಇವತ್ತು ಬ್ರೇಕ್ ಯಾವಾಗ ಎಂದು ಹೇಳಲಾಗದು, ನೋಡಿಕೊಳ್ಳಿ. ನೋಡಿಕೊಳ್ಳಲು ಕೂತವನು ನಾನು. ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ದಿನ ನಾನು ನಿದ್ದೆ ತೂಗಲಿಲ್ಲ. ಕಣ್ಣು ಪಿಳುಕಿಸದೆ ನೋಡಿದೆ. ಬಿದ್ದ ಮನೆ, ಮುರಿದ ತೆಂಗು, ದೋಣಿ. ಎರಡು ಐವತ್ತರ ಸುಮಾರಿಗೆ ವಾರ್ತೆಯ ಹೆಂಗಸು ಏನೋ ಒಂದು ಹೆಸರು ಹೇಳಿದಳು. ಇನ್ನೆರಡು ಮಾತು ಹೇಳಿ ನಿಲ್ಲಿಸಿದಳು. ಪೆನ್ನು ಕೆಳಗಿಟ್ಟಳು.

ನಾನು ಒತ್ತಿದೆ.

ಹೊರಗೆ ಹೋಗುವ ಪರದೆಯಲ್ಲಿ ಕಾರ್ಗೋ ಕಂಪೆನಿಯ ಜಾಹೀರಾತು ಶುರುವಾಯಿತು. ಮಕ್ಕಳು ಪೆಟ್ಟಿಗೆ ಬಿಚ್ಚಿ ಕುಣಿಯುವ ಹಾಡು. ನಾನು ಚಹಾಕ್ಕೆ ಎದ್ದೆ. ಏಳುವಾಗ ಮನಿಲಾದ ಪರದೆ ಕಣ್ಣಂಚಿಗೆ ಕಂಡಿತು. ಅಲ್ಲಿ ಜನ ಸಾಲಾಗಿ ನಿಂತು, ಎದೆಯ ಮುಂದೆ ರಟ್ಟಿನ ತುಂಡುಗಳನ್ನು ಹಿಡಿದುಕೊಂಡು, ನಗುತ್ತಿದ್ದರು. ಅವರ ಕಡೆಯ ಯಾವುದೋ ಜಾಹೀರಾತು ಅಂದುಕೊಂಡೆ. ನಗುತ್ತಿದ್ದರಲ್ಲ! ಲೋರ್ನಾ ಅಷ್ಟು ಬಿಡಿಸಿ ಹೇಳಿದ್ದಳು, ಆದರೂ ನನ್ನ ಮಂಡೆಗೆ ಹೊಳೆಯಲಿಲ್ಲ. ಚಹಾ ಕುಡಿದು ಬಂದಾಗ ವಾರ್ತೆಯವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಏನಾಯಿತು ಇವಳಿಗೆ ಎಂದು ಅಂದುಕೊಂಡೆ.

ವಾರ್ತೆ ಮುಗಿಯುವ ಮೊದಲೇ ಫೋನುಗಳು ಬಡಿದುಕೊಳ್ಳತೊಡಗಿದವು. ದೇರಾದಿಂದ, ಶಾರ್ಜಾದಿಂದ, ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಿಂದ. ಕೆಲವರು ಬೈದರು, ಕೆಲವರು ಅತ್ತರು, ನನಗೆ ಯಾವುದೂ ಅರ್ಥವಾಗಲಿಲ್ಲ. ಆಗ ಲೋರ್ನಾ ಬಾಗಿಲಿನಲ್ಲಿ ಬಂದು ನಿಂತಳು. ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು.

"ಅವಳು ನನ್ನ ಊರಿನ ಹೆಸರು ಹೇಳಿದಳು, ಕುಯಾ. ಬದುಕಿ ಉಳಿದವರು ಹೆಸರು ಬರೆದು ತೋರಿಸ್ತಾರೆ ಅಂದಳು. ಹೊರದೇಶದಲ್ಲಿ ಇರುವವರು ನೋಡಿಕೊಳ್ಳಿ ಅಂದಳು. ಆಮೇಲೆ ನೀನು."

ಆಮೇಲೆ ನಾನು. ಇಷ್ಟು ವರ್ಷದಲ್ಲಿ ಯಾರೂ ನನಗೆ ಅಷ್ಟು ದೊಡ್ಡ ಬೈಗುಳ ಬೈದಿಲ್ಲ.

ವಾರ್ತೆ ಮುಗಿಯುವ ಹೊತ್ತಿಗೆ ಹಮೀದಾಕ ಓಡಿಬಂದರು. ಸರ್ವರಿನಲ್ಲಿ ಹುಡುಕಿದರೆ ಅಲ್ಲಿ ಕುಣಿಯುವ ಮಕ್ಕಳು. ಮನಿಲಾಕ್ಕೆ ಫೋನ್ ಮಾಡಿದರೆ ಎತ್ತುವವರಿಲ್ಲ. "ಗಾಬರಿ ಬೇಡ, ನನ್ನ ಟೇಪ್ ಉಂಟಲ್ಲ" ಎಂದು ಹಮೀದಾಕ ಕಪಾಟಿಗೆ ಕೈ ಹಾಕಿ 'ಗುರು' ಎಂದು ಬರೆದ ಟೇಪ್ ತೆಗೆದರು. "ನೀನೇ ಮೆಷಿನ್ನಿಂದ ತೆಗೆದು ಇಟ್ಟದ್ದಲ್ವಾ ಸದಾ? ಬೇಗ ಮಾಡಿದಿ, ಶಾಬಾಶ್." ಪಕ್ಕದ ಎಡಿಟಿಂಗ್ ಮೆಷಿನ್ನಿಗೆ ಹಾಕಿ ನೋಡಿದರು. ಅದೇ ಹೆಂಗಸು, ಅದೇ ಪೆನ್ನು, ಆದರೆ ಸುದ್ದಿ ಯಾವುದೋ ಸೌಂದರ್ಯ ಸ್ಪರ್ಧೆಯದು. ಲೋರ್ನಾ ಪರದೆಗೆ ಮುಖ ಹತ್ತಿಸಿ ನೋಡಿ, "ಇದು ಹೋದ ತಿಂಗಳಿನದು" ಎಂದಳು.

"ಎಂಥ ಇದು?" ಹಮೀದಾಕ ರಿಜಿಸ್ಟರ್ ತೆರೆದರು. "ಇಲ್ಲಿ ಸೈನ್ ಉಂಟು. ಇವತ್ತು ಹಾಕಿದ್ದಿ ಅಂತ ಬರ್ದಿದ್ದಿ. ಟೇಪ್ ಹಾಳಾಯ್ತಾ? ಮೆಷಿನ್ ಮುದ್ರಿಸ್ಲಿಲ್ವಾ?"

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ಆಗ ನನಗೆ ಅದಕ್ಕಿಂತ ಹೆಚ್ಚು ಗೊಂದಲ. ಒಂದು ಕಡೆ, ನನ್ನ ಮಗಳು ಇಲ್ಲಿಯೇ ಶಾಲೆಯಲ್ಲಿ ಹತ್ತನೇ ಕ್ಲಾಸು. ಮೆಷಿನ್ ಹಾಳು ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಹಮೀದಾಕನೇ ಆ ಸುಳ್ಳನ್ನು ಕೈಯಲ್ಲಿ ಹಿಡಿದು ನನಗೆ ಕೊಡುತ್ತಿದ್ದರು. ಇನ್ನೊಂದು ಕಡೆ ಲೋರ್ನಾ, ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು. ಆಗ ಹೊಳೆಯಿತು. ಮೆಷಿನ್ನಿನಲ್ಲಿ ಮೂರು ವಾರದಿಂದ ಒಂದೇ ಟೇಪ್ ಇದೆ. ಅದರ ಮೇಲೆಯೇ ದಿನಾ ಮುದ್ರಣವಾಗಿದೆ. ಇವತ್ತಿನ ವಾರ್ತೆ ಹೋಗಿಲ್ಲ, ಅದರೊಳಗೇ ಇದೆ. ಇದು ಗೊತ್ತಿರುವವನು ಪ್ರಪಂಚದಲ್ಲಿ ನಾನೊಬ್ಬನೇ. ಹೇಳಿದರೆ ನಾನು ಹೋದೆ, ಹೇಳದಿದ್ದರೆ ಆ ಹುಡುಗಿ ಹೋದಳು.

"ಹಮೀದಾಕ, ಮೆಷಿನ್ ಸಮ ಉಂಟು" ಎಂದೆ. "ನಾನು ಟೇಪ್ ಬದಲಾಯಿಸ್ಲಿಲ್ಲ. ಮೂರು ವಾರ ಆಯ್ತು. ಸುಮ್ಮನೆ ಸೈನ್ ಹಾಕಿದ್ದು. ಒಳಗೆ ಸೋಮವಾರದ ಟೇಪ್ ಉಂಟು. ಇವತ್ತಿನದ್ದು ಅದ್ರಲ್ಲಿ ಇರ್ಬೇಕು."

ಹಮೀದಾಕ ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ. "ಅದನ್ನು ನಾಳೆ ಮಾತಾಡುವ" ಎಂದರು. "ಈಗ ತೆಗಿ. ಯಲ್ಲಾ, ಬೇಗ."

'ಸೋಮ' ಎಂದು ಬರೆದ ಟೇಪ್ ಹಾಕಿದೆವು. ಓಡಿಸಿದೆವು. ಬಿದ್ದ ಮನೆ, ಮುರಿದ ತೆಂಗು, ದೋಣಿ. ಪೆನ್ನು ಕೆಳಗಿಟ್ಟಳು. ಬ್ರೇಕಿಗಾಗಿ ಅಲ್ಲ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳಲಿಕ್ಕೆ. ಆಮೇಲೆ ರಟ್ಟು ಹಿಡಿದ ಜನ ಒಬ್ಬೊಬ್ಬರಾಗಿ ಕ್ಯಾಮೆರಾದ ಮುಂದೆ ಬರತೊಡಗಿದರು. ಲೋರ್ನಾ ಮುಖಗಳನ್ನು ಹುಡುಕುತ್ತಿದ್ದಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ರಟ್ಟುಗಳನ್ನು ನೋಡುತ್ತಿದ್ದೆ, ಇಂಗ್ಲಿಷ್ ಅಕ್ಷರದಲ್ಲೇ ಇದ್ದರೂ ಅರ್ಥವಾಗದ ಶಬ್ದಗಳನ್ನು.

ಹತ್ತನೆಯದೋ ಹನ್ನೊಂದನೆಯದೋ ರಟ್ಟಿನಲ್ಲಿ ನಾನು ಓದಿಬಿಟ್ಟೆ. ಕೆಳಗಿನ ಅಂಚಿನಲ್ಲಿ, ತಲೆಕೆಳಗಾಗಿ, ದಪ್ಪ ಕಪ್ಪು ಮಾರ್ಕರಿನಲ್ಲಿ: ಏಂಜೆಲ್. ಕನ್ನಡದಲ್ಲಿ. ನನ್ನದೇ ಕೈಬರಹ, ನಾವು ಕಳಿಸಿದ ಪೆಟ್ಟಿಗೆಯದೇ ರಟ್ಟು. ಇಪ್ಪತ್ತೆರಡು ವರ್ಷಗಳಲ್ಲಿ ಆ ವಾರ್ತೆಯಲ್ಲಿ ನಾನು ಅರ್ಥವಾಗಿ ಓದಿದ ಶಬ್ದ ಅದೊಂದೇ. ನನಗೆ ಕನಸೋ ನನಸೋ ಎಂದು ತಿಳಿಯಲಿಲ್ಲ. ರಟ್ಟಿನ ಮೇಲಕ್ಕೆ ಕಣ್ಣು ಹೋದರೆ ಅಲ್ಲಿ ಮೇಜಿನ ಮೇಲಿನ ಫೋಟೋದ ಮುಖ, ತಲೆ ಒದ್ದೆ, ಬಾಯಿ ತುಂಬ ನಗು.

"ಇಕೊಳ್ಳಿ! ನಗ್ತಾ ಇದ್ದಾಳೆ!" ಎಂದು ನಾನು ಕುಣಿಯುವುದೊಂದು ಬಾಕಿ. ಹಮೀದಾಕ ಪರದೆಯನ್ನು ಅಲ್ಲಿಯೇ ನಿಲ್ಲಿಸಿದರು.

ಲೋರ್ನಾ ಓದಿದಳು. ಜೋರಾಗಿ ನಕ್ಕಳು. ನಗು ನಡುವೆಯೇ ನಿಂತಿತು. ಅವಳು ಮತ್ತೊಮ್ಮೆ ಓದಿದಳು, ಮೇಲಿಂದ ಕೆಳಗೆ, ಬೆರಳಿಟ್ಟು. ನನಗೆ ಏನೊಂದೂ ಅರ್ಥವಾಗಲಿಲ್ಲ. ಒಳ್ಳೆಯ ಸುದ್ದಿಯೋ ಕೆಟ್ಟದೋ? ಹುಡುಗಿ ಕಣ್ಣ ಮುಂದೆ ನಿಂತಿದ್ದಾಳಲ್ಲ, ಮತ್ತೆ ಇವಳ ಮುಖ ಯಾಕೆ ಹೀಗೆ?

"ಎಂತ ಬರ್ದಿದೆ?" ಎಂದು ಕೇಳಿದೆ.

"ಮಾಮಾ, ನಾವು ಇದ್ದೇವೆ ಅಂತ. ಏಂಜೆಲ್, ಅಜ್ಜ, ಬ್ರೌನಿ." ಆ ಕೊನೆಯ ಹೆಸರಿನ ಮೇಲೆ ಬೆರಳಿಟ್ಟು ಹೇಳಿದಳು: "ಬ್ರೌನಿ ನಾಯಿ."

ನಾಯಿಯ ಹೆಸರಿತ್ತು. ಅಜ್ಜಿಯ ಹೆಸರು ಇರಲಿಲ್ಲ.

"ಜಾಗ ಸಾಕಾಗಿರಲಿಕ್ಕಿಲ್ಲ, ಲೋರ್ನಾ" ಎಂದೆ. ಎಂಥ ಮಾತು! ರಟ್ಟಿನಲ್ಲಿ ಕೆಳಗೆ ಅಂಗೈಯಗಲ ಜಾಗ ಖಾಲಿ ಇತ್ತು, ಅಲ್ಲಿ ನನ್ನ ಜಿಲೇಬಿ ತಲೆಕೆಳಗಾಗಿ ನಿಂತಿತ್ತು. ಅವಳು ಅದನ್ನು ನೋಡಿಯೂ, "ಹೌದು ಕುಯಾ, ಇರಬಹುದು" ಎಂದಳು. ಅವಳು ಹೇಳಿದ್ದು ನನ್ನ ಸಮಾಧಾನಕ್ಕೆ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಎರಡು ದಿನ ಬಿಟ್ಟು ಅವಳು ಊರಿಗೆ ಹೋದಳು. ಅಜ್ಜಿ ಸಿಗಲಿಲ್ಲ. ಅದನ್ನು ಅವಳು ಹಿಂದೆ ಬಂದ ಮೇಲೆ ಹೇಳಿದಳು, ಪೆಟ್ಟಿಗೆ ತುಂಬುವುದನ್ನು ಮತ್ತೆ ಶುರು ಮಾಡುವಾಗ. ಹಮೀದಾಕ ನನಗೆ ಒಂದು ವಾರ್ನಿಂಗ್ ಲೆಟರ್ ಕೊಟ್ಟರು. ಊರಿಗೆ ಕಳಿಸಲಿಲ್ಲ. ಹದಿನೈದು ದಿನ ಟೇಪನ್ನು ಅವರೇ ಬದಲಾಯಿಸಿದರು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ, ಎರಡು ಪ್ರಮೋಷನ್ ಆರ್ಡರುಗಳು ಎಲ್ಲಿ ಹೋದವೋ ಗೊತ್ತಿಲ್ಲ.

ಪ್ರಜ್ಞಾ, ಈಗ ಬ್ರೇಕನ್ನು ಕಂಪ್ಯೂಟರೇ ಹಾಕುತ್ತದೆ ಎನ್ನುತ್ತಿ. ಸಂತೋಷ. ಅದಕ್ಕೂ ಭಾಷೆ ಬರುವುದಿಲ್ಲ ಎಂಬುದನ್ನು ಮರೆಯಬೇಡ. ನಿನಗೆ ಅರ್ಥವಾಗದ್ದು ಕಂಡರೆ ಪಕ್ಕದಲ್ಲಿ ಅರ್ಥವಾಗುವವರು ಯಾರಿದ್ದಾರೆ ಎಂದು ಮೊದಲು ನೋಡು. ನಾನು ಅದನ್ನು ಕಲಿತದ್ದು ಅದೇ ಗುರುವಾರ ಸಂಜೆ ಎಂಟು ಗಂಟೆಗೆ.

ಸರ್ವರಿನದ್ದನ್ನು ಬಿಟ್ಟು ಟೇಪನ್ನೇ ಹಾಕುವುದು, ಬ್ರೇಕನ್ನು ಕೈಯಲ್ಲೇ ಕೊಡುವುದು ಎಂದು ಹಮೀದಾಕ ತೀರ್ಮಾನಿಸಿದರು. ಲೋರ್ನಾಳಿಗೆ, "ನೀನು ಮನೆಗೆ ಹೋಗಮ್ಮಾ" ಎಂದೆ. "ಹೋಗಿ ಏನು ಮಾಡಲಿ? ಅಲ್ಲಿಯೂ ಫೋನ್ ಹಿಡಿದು ಕೂರಬೇಕು. ನನ್ನದು ನೋಡಿ ಆಯಿತು, ಬೇರೆಯವರದ್ದು ಇದೆಯಲ್ಲ" ಎಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಮಧ್ಯಾಹ್ನ ನಾನು ಮುಚ್ಚಿಹಾಕಿದ ರಟ್ಟುಗಳಿಗಾಗಿ ಎಷ್ಟು ಮನೆಗಳಲ್ಲಿ, ಎಷ್ಟು ಕ್ಯಾಂಪುಗಳಲ್ಲಿ ಜನ ಟಿ.ವಿ. ಮುಂದೆ ಕೂತಿದ್ದರೋ.

ವಾರ್ತೆ ಶುರುವಾಯಿತು. ಹೊರಗೆ ನಿಜವಾಗಿಯೂ ಕತ್ತಲಾಗಿತ್ತು, ಶುಭರಾತ್ರಿ ಆ ದಿನ ಒಮ್ಮೆಯಾದರೂ ಹೊಂದಿತು. ಮನೆ, ತೆಂಗು, ದೋಣಿ. ಆ ಹೆಂಗಸು ಊರಿನ ಹೆಸರು ಹೇಳಿದಳು, ಪೆನ್ನು ಕೆಳಗಿಟ್ಟಳು. ಎಲ್ಲ ಗೊತ್ತಿದ್ದೂ ನನ್ನ ಬೆರಳು ಅಭ್ಯಾಸಬಲದಿಂದ ಗುಂಡಿಯ ಕಡೆ ಹೊರಟಿತು. ಲೋರ್ನಾ ನನ್ನ ಮಣಿಕಟ್ಟು ಹಿಡಿದಳು. ನನ್ನ ಕಡೆ ನೋಡಲಿಲ್ಲ. "ಇನ್ನೂ ಇದೆ, ಕುಯಾ."

ರಟ್ಟುಗಳು ಬಂದವು. ಅವಳು ಒಂದೊಂದನ್ನೂ ಮೆಲ್ಲಗೆ ಓದಿ ನನಗೆ ಹೇಳಿದಳು. ಇವನು ಜೆದ್ದಾದಲ್ಲಿರುವ ಅಣ್ಣನಿಗೆ ಹೇಳುತ್ತಿದ್ದಾನೆ. ಇವಳು ದುಬೈಯಲ್ಲಿರುವ ಅಮ್ಮನಿಗೆ. ಇವರು ಐದು ಜನ ಇದ್ದೇವೆ, ಅಳಬೇಡ ಎನ್ನುತ್ತಿದ್ದಾರೆ. ಅವಳ ಮಗಳ ರಟ್ಟು ಬಂತು. ಅದನ್ನೂ ಹಾಗೆಯೇ ಓದಿದಳು, ಅದೇ ದನಿಯಲ್ಲಿ, ನಾಯಿಯ ಹೆಸರಿನ ಸಮೇತ. ಅಷ್ಟೂ ಹೊತ್ತು ಮಣಿಕಟ್ಟು ಬಿಡಲಿಲ್ಲ. ಕೊನೆಯ ಮನುಷ್ಯ ರಟ್ಟು ಇಳಿಸಿ ಹೋದ ಮೇಲೆ, ಆ ಹೆಂಗಸು ಕಣ್ಣು ಒರೆಸಿಕೊಂಡ ಮೇಲೆ, ಕೈ ಸಡಿಲಿಸಿ ಹೇಳಿದಳು:

"ಈಗ, ಕುಯಾ."

ನಾನು ಒತ್ತಿದೆ. ಮಕ್ಕಳು ಪೆಟ್ಟಿಗೆ ಬಿಚ್ಚಿ ಕುಣಿಯುವ ಜಾಹೀರಾತು ಬಂತು. ಲೋರ್ನಾ ಅದನ್ನೂ ಪೂರ್ತಿ ನೋಡಿದಳು.